ಹೊನ್ನಿನ ಕಣ, ಅಂಟಿನ ಆಸರೆ: ಒಂದು ಇಣುಕುನೋಟ

ಸಮ್ಮೇಳನದ ಸ್ಮರಣ ಸಂಚಿಕೆಗೆ ಇತಿಹಾಸ ಸಂಬಂಧವಾದ ಲೇಖನವೊಂದನ್ನು ಬರೆದುಕೊಡಿರೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಹೊಯ್ಸಳರ ಬಗೆಗೋ ಕೆಳದಿಯ ಚೆನ್ನಮ್ಮಾಜಿಯ ಬಗೆಗೋ ಬರೆದೇನೆಂದು ಅವರು ಎಣಿಸಿದ್ದಿರಬೇಕು. ಮೈಸೂರಿನಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎ. ಮುಗಿಸಿದವಳು ನಾನು. ಎಂ.ಎ.ಗೆ ಅರ್ಜಿ ತಂದಿಟ್ಟಿದ್ದ ವಾರವೇ ಮದುವೆ ಗೊತ್ತಾಯಿತು. ನ್ಯೂಜೆರ್ಸಿಗೆ ಬಂದ ಮೇಲೆ ಮನೆಯೇ ನನ್ನ ಕಾರ್ಯಕ್ಷೇತ್ರವಾಯಿತು. ರಸಾಯನಶಾಸ್ತ್ರವನ್ನಂತೂ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ದಿನವೇ ಸಂತೋಷದಿಂದ ಬೀಳ್ಕೊಟ್ಟಿದ್ದೆ. ಅಂಥವಳು ಲೋಹದ ನ್ಯಾನೋ ಕಣಗಳನ್ನೂ ಪಾಲಿಮರ್ ಲೋಳೆಯನ್ನೂ ಕುರಿತು ಬರೆಯ ಹೊರಟಿರುವುದಕ್ಕೆ ಕಾರಣ ನನ್ನ ಮಗಳು.

ಮಗಳು ಮನೆಯಿಂದ ಐದು ಗಂಟೆಯ ಹಾದಿಯಲ್ಲಿರುವ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ನಡೆಸುತ್ತಿದ್ದಾಳೆ. ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಒಂದು ರಾತ್ರಿ ದೂರವಾಣಿ ಮಾಡಿ, "ಅಮ್ಮ, ಇದನ್ನು ಬಿಟ್ಟುಬಿಡುತ್ತೇನೆ" ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಸಾರಿನ ಪುಡಿ, ಹುಳಿಪುಡಿಗಳ ಡಬ್ಬಿಗಳನ್ನು ಕಟ್ಟಿಕೊಂಡು ಹೋಗಿ ಎರಡು ವಾರ ಅವಳೊಂದಿಗಿದ್ದೆ. ಮೂರನೆಯ ದಿನ ಊಟದ ಮೇಜಿನ ಬಳಿ, ಏನು ನಡೆಯುತ್ತಿದೆಯೆಂದು ಅವಳು ತಾನಾಗಿಯೇ ಹೇಳತೊಡಗಿದಳು.

ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಲೋಳೆಯ ಗೋಲಿಗಳನ್ನು ಅವಳು ತಯಾರಿಸುತ್ತಾಳೆ. ಇವುಗಳಿಗೆ ಮೈಕ್ರೋಜೆಲ್ ಎಂದು ಹೆಸರು. ಪಾನಕಕ್ಕೆ ಹಾಕುವ ಕಾಮಕಸ್ತೂರಿ ಬೀಜ ನೀರು ಕುಡಿದು ಮೈಸುತ್ತ ಪಾರದರ್ಶಕ ಲೋಳೆ ತುಂಬಿಕೊಳ್ಳುವುದಲ್ಲವೇ, ಅದನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸಿ ಊಹಿಸಿಕೊಳ್ಳಿ. ಲೋಳೆಯೆಂದರೆ ಒಳಗೆ ಪಾಲಿಮರ್ ಎಳೆಗಳ ಬಲೆ. ಬಲೆಯ ಕಣ್ಣುಗಳ ತುಂಬ ನೀರು. ಆ ಬಲೆಯೊಳಗೆ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳನ್ನು ಹುಟ್ಟಿಸಿ, ಅವುಗಳಿಂದ ರಾಸಾಯನಿಕ ಕ್ರಿಯೆಯೊಂದನ್ನು ಚುರುಕುಗೊಳಿಸಬೇಕು. ಆದರೆ ಆರು ತಿಂಗಳಿಂದ ಅವಳ ಬೆಳ್ಳಿ ಬಲೆಯಲ್ಲಿ ನಿಲ್ಲದೆ ಒಂದಕ್ಕೊಂದು ಅಂಟಿ, ಬೂದುಬಣ್ಣದ ಮಡ್ಡಿಯಾಗಿ ತಳ ಸೇರುತ್ತಿತ್ತು.

"ಬಿಸಿನೀರಿಗೆ ರಾಗಿ ಹಿಟ್ಟು ಸುರಿದರೆ ಗಂಟುಕಟ್ಟುವ ಹಾಗೆಯೇ?" ಎಂದೆ. ಅವಳು ಬಹಳ ದಿನಗಳ ನಂತರ ನಕ್ಕಳು. "ಹೆಚ್ಚು ಕಡಿಮೆ ಹಾಗೆಯೇ ಅಮ್ಮ."

ಹೀಗೆ ಹಿಡಿದಿಡಬೇಕೆಂದು ಮೊದಲು ಯಾರಿಗೆ ಹೊಳೆಯಿತು ಎಂದು ಕೇಳಿದೆ. ತಾನು ಓದಿದ ಪ್ರಬಂಧಗಳು 2006ರಿಂದ ಮೊದಲಾಗುತ್ತವೆ, ಅದರ ಹಿಂದಿನದು ತನಗೆ ಬೇಕಾಗಿಲ್ಲ ಎಂದಳು. ಇತಿಹಾಸ ಓದಿದವಳನ್ನು ಈ 'ಬೇಕಾಗಿಲ್ಲ' ಎಂಬ ಮಾತು ಸುಮ್ಮನೆ ಕೂರಗೊಡುವುದಿಲ್ಲ. ಅವಳು ಪ್ರಯೋಗಾಲಯಕ್ಕೆ ಹೋದ ಮೇಲೆ ನಾನು ಅಲ್ಲಿಯ ಗ್ರಂಥಾಲಯದ ದಾರಿ ಹಿಡಿದೆ. ಮುಂದೆ ಹೇಳುವುದೆಲ್ಲ ಆ ಎರಡು ವಾರಗಳಲ್ಲಿ ಆರಂಭಿಸಿದ ಓದಿನ ಫಲ. ವಿಜ್ಞಾನ ಬಲ್ಲ ಓದುಗರು ತಪ್ಪಿದ್ದಲ್ಲಿ ಮನ್ನಿಸಬೇಕು.

ಕ್ರಿಯಾವರ್ಧಕವೆಂದರೆ, ಕ್ರಿಯೆಯಲ್ಲಿ ಪಾಲ್ಗೊಂಡು ಅದರ ವೇಗವನ್ನು ಹೆಚ್ಚಿಸಿ, ಕೊನೆಗೆ ತಾನು ಮೊದಲಿದ್ದಂತೆಯೇ ಉಳಿಯುವ ವಸ್ತು. ಲೋಹವು ಈ ಕೆಲಸವನ್ನು ತನ್ನ ಮೈಮೇಲೆ ಮಾತ್ರ ನಡೆಸುತ್ತದೆ. ಒಳಗೆ ಹುದುಗಿದ ಲೋಹ ಸೋಮಾರಿ. ಆದ್ದರಿಂದ ಅದನ್ನು ಚೂರು ಮಾಡಿದಷ್ಟೂ ಲಾಭ. ಒಂದು ಸೆಂಟಿಮೀಟರ್ ಬದಿಯ ಚಿನ್ನದ ಘನದ ಆರು ಮುಖಗಳ ವಿಸ್ತೀರ್ಣ ಕೇವಲ 6 ಚದರ ಸೆಂಟಿಮೀಟರ್. ಅದೇ ಚಿನ್ನವನ್ನು 10 ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಲು ಸಾಧ್ಯವಾದರೆ ವಿಸ್ತೀರ್ಣ 600 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತು-ನಲವತ್ತರ ನಿವೇಶನಗಳು ಐದಕ್ಕೂ ಹೆಚ್ಚು! ಆದರೆ ಚೂರಾದ ಲೋಹಕ್ಕೆ ಮತ್ತೆ ಕೂಡಿಕೊಳ್ಳುವ ಹಂಬಲ. ಕೂಡಿತೆಂದರೆ ಗಳಿಸಿದ ಮೈಯೆಲ್ಲ ನಷ್ಟ. ಕಣಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವವರು ಯಾರು ಎಂಬುದೇ ಈ ಇತಿಹಾಸದ ತಿರುಳು.

ಹುಡುಕುತ್ತ ಹೋದಾಗ ನನಗೆ ಮೊದಲು ಎದುರಾದವಳು ಒಬ್ಬ ಗೃಹಿಣಿ. ಎಲಿಜಬೆತ್ ಫುಲ್ಹೇಮ್ ಎಂಬ ಈಕೆ ಡಾಕ್ಟರ್ ಥಾಮಸ್ ಫುಲ್ಹೇಮ್ ಎಂಬಾತನ ಪತ್ನಿ. ಬಟ್ಟೆಯ ಮೇಲೆ ಚಿನ್ನ ಬೆಳ್ಳಿಗಳನ್ನು ಜರಿಯಾಗಿ ನೇಯದೆ, ರಾಸಾಯನಿಕ ವಿಧಾನದಿಂದಲೇ ಮೂಡಿಸಬಹುದೇ ಎಂಬ ಯೋಚನೆ ಈಕೆಗೆ 1780ರಲ್ಲಿ ಬಂದಿತಂತೆ. ಪತಿಯೂ ಸ್ನೇಹಿತರೂ ಅದು ಆಗುವ ಮಾತಲ್ಲವೆಂದರು. ಈಕೆ ಬಿಡಲಿಲ್ಲ. ರೇಷ್ಮೆಯನ್ನು ಚಿನ್ನದ ಲವಣದ ದ್ರಾವಣದಲ್ಲಿ ಅದ್ದಿ, ಜಲಜನಕದ ಹವೆಗೂ ಬೆಳಕಿಗೂ ಒಡ್ಡಿ, ನೂಲಿನ ಮೇಲೆ ಲೋಹ ಮೂಡುವುದನ್ನು ಕಂಡಳು. ಕೆಲವೊಮ್ಮೆ ಹೊಂಬಣ್ಣದ ಬದಲು ನೇರಳೆ ಛಾಯೆ ಬಂದಿತು. ಚಿನ್ನ ಅತಿ ಸೂಕ್ಷ್ಮ ಕಣಗಳಾಗಿ ಎಳೆಗಳ ನಡುವೆ ನಿಂತರೆ ಕಾಣುವ ಬಣ್ಣವೇ ಅದು ಎಂದು ಇಂದು ನಾವು ಬಲ್ಲೆವು. ರೇಷ್ಮೆಯೂ ಪ್ರಕೃತಿಯೇ ನೂತ ಪಾಲಿಮರ್ ತಾನೆ. ಎಷ್ಟೋ ಕ್ರಿಯೆಗಳು ಒಣಗಿದ ಬಟ್ಟೆಯಲ್ಲಿ ನಡೆಯದೆ ಒದ್ದೆಯಲ್ಲಿ ಮಾತ್ರ ನಡೆಯುವುದನ್ನು ಗಮನಿಸಿದ ಆಕೆ, ನೀರು ಕ್ರಿಯೆಯಲ್ಲಿ ಪಾಲ್ಗೊಂಡು ಕೊನೆಗೆ ಮತ್ತೆ ನೀರಾಗಿಯೇ ಹಿಂದಿರುಗುತ್ತದೆಂದು ವಾದಿಸಿದಳು. 1794ರಲ್ಲಿ ಲಂಡನ್ನಿನಲ್ಲಿ ತನ್ನ ಗ್ರಂಥವನ್ನು ತಾನೇ ಪ್ರಕಟಿಸಿದಳು. ಕ್ರಿಯಾವರ್ಧನೆಗೆ ಸ್ವೀಡನ್ನಿನ ಬರ್ಜೀಲಿಯಸ್ ಹೆಸರಿಟ್ಟದ್ದು 1835ರಲ್ಲಿ, ಅಂದರೆ ನಲವತ್ತೊಂದು ವರ್ಷಗಳ ಬಳಿಕ.

ನಮ್ಮ ನೆರೆಯ ಫಿಲಡೆಲ್ಫಿಯಾದ ರಸಾಯನ ಸಂಘವು ಈಕೆಯನ್ನು ಸದಸ್ಯೆಯನ್ನಾಗಿ ಆರಿಸಿ ಗೌರವಿಸಿತು. 1810ರಲ್ಲಿ ಗ್ರಂಥದ ಅಮೆರಿಕನ್ ಮುದ್ರಣವೂ ಅದೇ ಊರಿನಲ್ಲಿ ಹೊರಬಂದಿತು. ಈಕೆಯ ಪ್ರಯೋಗಗಳನ್ನು ತಾನೂ ಮಾಡಿ ನೋಡಿದವರಲ್ಲಿ ಕೌಂಟ್ ರಮ್‌ಫರ್ಡ್ ಒಬ್ಬ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸ್ಥಾಪನೆಗೆ 1799ರಲ್ಲಿ ಮುಂದಾದವನು ಇವನೇ.

ಅದೇ ಸಂಸ್ಥೆಯಲ್ಲಿ ಮೈಕೇಲ್ ಫ್ಯಾರಡೇ, ವಿದ್ಯುತ್ತಿನ ಕೆಲಸದಿಂದ ಜಗತ್ಪ್ರಸಿದ್ಧನಾದ ಮೇಲೆ, ಚಿನ್ನದ ಕಡೆಗೆ ತಿರುಗಿದ. 1857ರ ಫೆಬ್ರವರಿಯಲ್ಲಿ ಅವನು ನೀಡಿದ ಉಪನ್ಯಾಸದ ವಿಷಯ ಚಿನ್ನಕ್ಕೂ ಬೆಳಕಿಗೂ ಇರುವ ಸಂಬಂಧ. ಚಿನ್ನದ ಲವಣದ ದ್ರಾವಣಕ್ಕೆ ರಂಜಕ ಸೇರಿಸಿ ಮಾಣಿಕ್ಯದಂತೆ ಕೆಂಪಾದ ದ್ರವವನ್ನು ಪಡೆದ ಅವನು, ಅದರಲ್ಲಿರುವುದು ಕರಗಿದ ಚಿನ್ನವಲ್ಲ, ಕಣ್ಣಿಗೆ ಕಾಣದಷ್ಟು ಚಿಕ್ಕ ಚಿನ್ನದ ಕಣಗಳು ಎಂದು ಸರಿಯಾಗಿಯೇ ಊಹಿಸಿದ. ಚಿಟಿಕೆ ಉಪ್ಪು ಬಿದ್ದರೆ ಕೆಂಪು ನೀಲಿಗೆ ತಿರುಗುತ್ತಿತ್ತು. ಕಣಗಳು ಕೂಡಿಕೊಂಡವೆಂದು ಅದರರ್ಥ. ಅದನ್ನು ಜೆಲ್ಲಿಯಲ್ಲಿ ನಿಲ್ಲಿಸಿದರೆ ಮಾತ್ರ ಕೆಂಪು ಭದ್ರ. ಕೆಲವು ವರ್ಷಗಳ ಹಿಂದೆ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಲಂಡನ್ನಿನಲ್ಲಿ ಎರಡು ದಿನ ತಂಗಿದ್ದಾಗ, ಆ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಅವನ ಕೈಯ ಸೀಸೆಗಳನ್ನು ನೋಡಿದ್ದೆ. ನೂರರವತ್ತು ವರ್ಷಗಳಾದರೂ ಬಣ್ಣ ಆರಿಲ್ಲ. ಆಗ ನನಗೆ ಅದರ ಮಹತ್ವ ತಿಳಿದಿರಲಿಲ್ಲ. ನಮ್ಮ ಯಜಮಾನರು ಸಾಲು ಉದ್ದವಾಗಿದೆ ನಡೆ ಎಂದರು, ನಡೆದೆ.

1861ರಲ್ಲಿ ಥಾಮಸ್ ಗ್ರಹಾಂ ಇಂಥ ವಸ್ತುಗಳಿಗೆ ಕೊಲಾಯ್ಡ್ ಎಂದು ನಾಮಕರಣ ಮಾಡಿದ. ನಮ್ಮ ಪಠ್ಯಪುಸ್ತಕಗಳ 'ಕಲಿಲ'. ಗ್ರೀಕ್ ಭಾಷೆಯಲ್ಲಿ ಅಂಟಿಗಿರುವ ಹೆಸರಿನಿಂದ ಬಂದ ಪದವಿದು. ಶಾಸ್ತ್ರದ ಹೆಸರೇ ಅಂಟಿನಿಂದ ಬಂದಿದ್ದರೂ ವಿದ್ವಾಂಸರ ಕಣ್ಣೆಲ್ಲ ಚಿನ್ನದ ಮೇಲೆ, ಪ್ಲಾಟಿನಮ್ಮಿನ ಮೇಲೆ. ಅಂಟನ್ನು ಅಳೆದು ನೋಡಿದವನು ವಿಯೆನ್ನಾದಲ್ಲಿ ಹುಟ್ಟಿದ ರಿಚರ್ಡ್ ಜಿಗ್‌ಮೊಂಡಿ. ಜರ್ಮನಿಯ ಯೇನಾ ನಗರದ ಗಾಜಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಈತ 'ಚಿನ್ನದ ಸಂಖ್ಯೆ' ಎಂಬ ಅಳತೆಯನ್ನು 1901ರಲ್ಲಿ ಬಳಕೆಗೆ ತಂದ. 10 ಮಿಲಿಲೀಟರ್ ಕೆಂಪು ಚಿನ್ನದ ದ್ರವಕ್ಕೆ ನೂರಕ್ಕೆ ಹತ್ತರ ಉಪ್ಪುನೀರನ್ನು 1 ಮಿಲಿಲೀಟರ್ ಹಾಕಿದಾಗ, ಬಣ್ಣ ಕೆಡದಂತೆ ಕಾಪಾಡಲು ಎಷ್ಟು ಮಿಲಿಗ್ರಾಂ ಅಂಟು ಬೇಕು? ಜೆಲಟಿನ್ ಆದರೆ 0.005ರಿಂದ 0.01, ಹಾಲಿನ ಕೇಸೀನ್ ಸುಮಾರು 0.01, ಅರಬ್ಬೀ ಗೋಂದು 0.15ರಿಂದ 0.25, ಆಲೂಗಡ್ಡೆಯ ಪಿಷ್ಟವಾದರೆ ಸುಮಾರು 25! ಈ ಪಟ್ಟಿಯನ್ನು ನೋಡಿ ನನಗೆ ನಗು ಬಂದಿತು. ಅಡಿಗೆಮನೆಯ ಕಪಾಟನ್ನೇ ತೆಗೆದು ಪ್ರಯೋಗಾಲಯದ ಮೇಜಿನ ಮೇಲೆ ಜೋಡಿಸಿದಂತಿದೆ. ಜಿಗ್‌ಮೊಂಡಿಗೆ ಕಲಿಲಗಳ ಕುರಿತ ಕೆಲಸಕ್ಕಾಗಿ 1925ರ ನೊಬೆಲ್ ಪಾರಿತೋಷಕ ಬಂದಿತು.

ಹೀಗೆ ಅಂಟಿನಿಂದ ರಕ್ಷಿತವಾದ ಲೋಹವನ್ನು ಕ್ರಿಯಾವರ್ಧಕವಾಗಿ ದುಡಿಸಲು 20ನೆಯ ಶತಮಾನದ ಆರಂಭದಲ್ಲಿಯೇ ಜರ್ಮನರು ತೊಡಗಿದರು. ಕಾರ್ಲ್ ಪಾಲ್ ಮೊಟ್ಟೆಯ ಬಿಳಿಯ ಪ್ರೋಟೀನಿನಿಂದ ಪಡೆದ ವಸ್ತುವನ್ನೂ, ಸ್ಕಿಟಾ ಅರಬ್ಬೀ ಗೋಂದನ್ನೂ ಬಳಸಿ ಪೆಲ್ಲೇಡಿಯಮ್ ಕಣಗಳನ್ನು ನಿಲ್ಲಿಸಿದರು. ಆದರೆ ಇಲ್ಲೊಂದು ತೊಡಕು. ಅಂಟು ಕಡಿಮೆಯಾದರೆ ಕಣಗಳು ಗಂಟುಕಟ್ಟುತ್ತವೆ. ಹೆಚ್ಚಾದರೆ ಅದೇ ಅಂಟು ಕಣದ ಮೈಯನ್ನು ಮುಚ್ಚಿ, ಕ್ರಿಯೆಗೆ ಬರುವ ಅಣುಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಕಾಪಾಡಬೇಕು, ಆದರೆ ಮುಚ್ಚಿಹಾಕಬಾರದು. ಬೆಳೆದ ಮಕ್ಕಳಿರುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ವಿದ್ಯೆ ನಮ್ಮ ದೇಶದಲ್ಲಿ ಬೇರೊಂದು ರೂಪದಲ್ಲಿ ಪ್ರಕಟವಾದ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಲೋಹವೂ ಇಲ್ಲ, ಕ್ರಿಯಾವರ್ಧಕವೂ ಇಲ್ಲ. ಉಪ್ಪು, ಕಣ, ಅಂಟು ಮೂರೇ. ಶಾಂತಿಸ್ವರೂಪ ಭಟ್ನಾಗರ್ ಅವರು ಲಂಡನ್ನಿನಲ್ಲಿ ಡೊನ್ನನ್ ಅವರ ಬಳಿ ಕಲಿತು 1921ರಲ್ಲಿ ಡಿ.ಎಸ್‌ಸಿ. ಪಡೆದು, ಮೊದಲು ಕಾಶಿಯಲ್ಲಿಯೂ 1924ರಿಂದ ಲಾಹೋರಿನಲ್ಲಿಯೂ ಪ್ರಾಧ್ಯಾಪಕರಾಗಿದ್ದರು. ರಾವಲ್ಪಿಂಡಿಯ ಕಡೆ ಎಣ್ಣೆಬಾವಿ ಕೊರೆಯುತ್ತಿದ್ದ ಅಟ್ಟಾಕ್ ಆಯಿಲ್ ಕಂಪೆನಿಗೆ ಒಂದು ವಿಚಿತ್ರ ಕಷ್ಟ ಒದಗಿತ್ತು. ಬಾವಿಗೆ ಹೊಯ್ಯುವ ಕೆಸರು, ನೆಲದೊಳಗಿನ ಉಪ್ಪು ತಗುಲಿದ ಕೂಡಲೇ ಗಟ್ಟಿಯಾಗಿ ಕೊರೆಯುವ ಕೆಲಸವೇ ನಿಂತುಬಿಡುತ್ತಿತ್ತು. ಇದು ಕಲಿಲದ ಪ್ರಶ್ನೆಯೆಂದು ಭಟ್ನಾಗರ್ ಗುರುತಿಸಿದರು. ಕೆಸರಿಗೆ ನಮ್ಮ ದೇಶದ ಮರದ ಗೋಂದನ್ನು ಬೆರೆಸಿದರು. ಕೆಸರು ಹರಿಯುವಂತೆ ಉಳಿಯಿತು. ಕಂಪೆನಿಯ ಪರವಾಗಿ ಸ್ಟೀಲ್ ಬ್ರದರ್ಸ್ ಸಂಸ್ಥೆ ಒಂದೂವರೆ ಲಕ್ಷ ರೂಪಾಯಿ ಕೊಡಮುಂದಾದಾಗ, ಅದು ವಿಶ್ವವಿದ್ಯಾಲಯದ ಸಂಶೋಧನೆಗೆ ಸಲ್ಲಲಿ ಎಂದುಬಿಟ್ಟರು. 1930ರ ದಶಕದ ಒಂದೂವರೆ ಲಕ್ಷ! ಮುಂದೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಚುಕ್ಕಾಣಿ ಹಿಡಿದು ದೇಶದಾದ್ಯಂತ ರಾಷ್ಟ್ರೀಯ ಪ್ರಯೋಗಾಲಯಗಳನ್ನು ಕಟ್ಟಿದವರೂ ಅವರೇ. ಆ ಸರಣಿಯಲ್ಲಿ 1950ರಲ್ಲಿ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಆರಂಭವಾಯಿತು. ಕಾಲೇಜಿಗೆ ಹೋಗುವಾಗ ಆ ಮಹಲಿನ ಮುಂದೆ ಎಷ್ಟು ಬಾರಿ ನಡೆದಿದ್ದೇನೋ, ಭಟ್ನಾಗರ್ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.

ಅಂಟು, ಗೋಂದುಗಳೆಂದರೆ ವಾಸ್ತವವಾಗಿ ಏನು ಎಂಬುದೇ ಅಷ್ಟು ಕಾಲ ಸ್ಪಷ್ಟವಿರಲಿಲ್ಲ. ಅವು ಸಾವಿರಾರು ಕೊಂಡಿಗಳ ಸರಪಳಿಯಂಥ ದೈತ್ಯ ಅಣುಗಳು ಎಂದು ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಹೇಳಿದಾಗ ನಂಬಿದವರು ಕಡಿಮೆ. ಅವರಿಗೆ ನೊಬೆಲ್ ಬಂದಾಗ 1953. ಸರಪಳಿ ಗೊತ್ತಾದ ಮೇಲೆ ಸರಪಳಿಗಳನ್ನು ಅಡ್ಡಕ್ಕೆ ಬೆಸೆದು ಬಲೆಯಾಗಿಸುವುದು ದೂರವಿರಲಿಲ್ಲ. ಒಂದೊಂದು ಕಣವೂ ಒಂದೊಂದು ಬಲೆಯಾಗಿರುವ ಇಂಥ ಗೋಲಿಗೆ 'ಮೈಕ್ರೋಜೆಲ್' ಎಂಬ ಹೆಸರನ್ನು 1949ರಲ್ಲಿ ಬಳಕೆಗೆ ತಂದವರು ಬೆಲ್ ಪ್ರಯೋಗಾಲಯದ ಡಬ್ಲ್ಯು. ಓ. ಬೇಕರ್. ಅವರು ಕೃತಕ ರಬ್ಬರಿನ ಮೇಲೆ ಕೆಲಸ ಮಾಡುತ್ತಿದ್ದರು.

ನಂತರದ ಕಥೆಗೆ ನೀರು, ಶಾಖ ಎರಡೂ ಬೇಕು. 1968ರಲ್ಲಿ ಕೆನಡಾದ ಟೊರಾಂಟೋದಲ್ಲಿ ಹೆಸ್ಕಿನ್ಸ್ ಮತ್ತು ಗಿಯೆ ಎಂಬುವರು ಒಂದು ವಿಲಕ್ಷಣ ಪಾಲಿಮರನ್ನು ಪರಿಶೀಲಿಸಿದರು. ಅದರ ಪೂರ್ಣ ನಾಮಧೇಯವನ್ನು ಹೇಳಿ ಓದುಗರನ್ನು ಹೆದರಿಸಲಾರೆ. ಮಗಳು ಚುಟುಕಾಗಿ ಪಿನಿಪಾಮ್ ಎನ್ನುತ್ತಾಳೆ. ಸಕ್ಕರೆ, ಉಪ್ಪುಗಳು ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ, ಇದು ತಣ್ಣೀರಿನಲ್ಲಿ ಕರಗಿ 32 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ನೀರನ್ನು ತೊರೆದು ಮುದುಡುತ್ತದೆ. 1978ರಲ್ಲಿ ಮೆಸಾಚುಸೆಟ್ಸಿನ ಎಂ.ಐ.ಟಿ.ಯಲ್ಲಿ ಟೊಯೊಯಿಚಿ ತನಾಕ, ಜೆಲ್ ಒಂದು ತನ್ನ ಗಾತ್ರವನ್ನು ಹಠಾತ್ತನೆ ಕುಗ್ಗಿಸಿಕೊಳ್ಳಬಲ್ಲುದೆಂದು ತೋರಿಸಿದರು. ಹೊಸದಾಗಿ ತಯಾರಿಸಿದ ಜೆಲ್‌ಗಳು ಹಾಗೆ ವರ್ತಿಸಲಿಲ್ಲ. ಬಹುದಿನ ಇಟ್ಟು ಹಳೆಯದಾದ ಜೆಲ್‌ಗಳು ವರ್ತಿಸಿದವು. ಇಟ್ಟಲ್ಲಿಯೇ ಅವುಗಳ ಎಳೆಗಳಲ್ಲಿ ನಿಧಾನವಾಗಿ ಬದಲಾವಣೆ ನಡೆದು ವಿದ್ಯುದಂಶಗಳು ಸೇರಿದ್ದವು. ತನಾಕ ಅವರು 2000ದಲ್ಲಿ, 54ನೆಯ ವಯಸ್ಸಿನಲ್ಲಿ, ಟೆನಿಸ್ ಆಡುತ್ತಿರುವಾಗಲೇ ತೀರಿಕೊಂಡರು. ಪಿನಿಪಾಮ್‌ನಿಂದಲೇ ಮೈಕ್ರೋಜೆಲ್ ಮಾಡುವ ವಿಧಾನವನ್ನು ಪೆಲ್ಟನ್ ಮತ್ತು ಶಿಬಾಂಟೆ 1986ರಲ್ಲಿ ಪ್ರಕಟಿಸಿದ್ದರು. ಬಲೆ ಸಿದ್ಧವಾಯಿತು, ಅದರಲ್ಲಿ ಲೋಹವನ್ನು ಕೂರಿಸುವುದು ಬಾಕಿ.

ಲೋಹ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದು ಬೇಕಲ್ಲವೇ? ಅದನ್ನು ರೂಢಿಗೆ ತಂದವರಲ್ಲಿ ಖರಗ್‌ಪುರದ ಐ.ಐ.ಟಿ.ಯ ತಾರಾಶಂಕರ್ ಪಾಲ್ ಮತ್ತು ಸಂಗಡಿಗರು ಪ್ರಮುಖರು. ನೈಟ್ರೋಫಿನಾಲ್ ಎಂಬ ವಸ್ತುವಿಗೆ ಬೋರೋಹೈಡ್ರೈಡ್ ಬೆರೆಸಿದರೆ ಗಾಢ ಹಳದಿ ಬಣ್ಣ ಬಂದು ಹಾಗೆಯೇ ನಿಲ್ಲುತ್ತದೆ. ಚಿನ್ನ, ಬೆಳ್ಳಿ ಅಥವಾ ತಾಮ್ರದ ನ್ಯಾನೋ ಕಣಗಳು ಬಿದ್ದರೆ ನೋಡನೋಡುತ್ತ ಹಳದಿ ಮಾಯವಾಗುತ್ತದೆ. ಹುಟ್ಟುವ ಅಮೈನೋಫಿನಾಲ್ ನಮ್ಮ ಪ್ಯಾರಸಿಟಮಾಲ್ ಮಾತ್ರೆಯ ತಯಾರಿಕೆಯಲ್ಲಿ ಬಳಸುವ ವಸ್ತು. 2001-02ರ ಸುಮಾರಿನ ಆ ಪ್ರಬಂಧಗಳ ನಂತರ ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಇದೇ ಒರೆಗಲ್ಲಾಗಿದೆ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಈ ಮೈಕ್ರೋಜೆಲ್‌ಗಳ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆಂದು ಕಂಡಾಗ ಭಟ್ನಾಗರರ ನೆನಪು ಬಂದಿತು.

ಮಗಳು ಹೇಳಿದ 2006 ಎಂದರೆ ಜರ್ಮನಿಯ ಬೈರಾಯ್ಟ್‌ನಲ್ಲಿ ಮಥಿಯಾಸ್ ಬಲೌಫ್, ಯಾನ್ ಲೂ ಮೊದಲಾದವರು ಪ್ರಕಟಿಸಿದ ಕೆಲಸ. ನಡುವೆ ಪಾಲಿಸ್ಟೈರೀನಿನ ಗಟ್ಟಿ ಗೋಲಿ, ಅದರ ಸುತ್ತ ಪಿನಿಪಾಮ್ ಲೋಳೆ, ಲೋಳೆಯೊಳಗೆ ಬೆಳ್ಳಿ; ನನ್ನ ಕಾಮಕಸ್ತೂರಿ ಬೀಜವೇ! ಸಾಮಾನ್ಯವಾಗಿ ಬಿಸಿ ಮಾಡಿದಷ್ಟೂ ಕ್ರಿಯೆ ಚುರುಕಾಗಬೇಕು. ಇಲ್ಲಿ ಶಾಖ 32 ಡಿಗ್ರಿಯ ಸಮೀಪಿಸಿದಂತೆ ಕ್ರಿಯೆ ನಿಧಾನವಾಯಿತು. ಇನ್ನೂ ಏರಿಸಿದಾಗ ಮತ್ತೆ ವೇಗಗೊಂಡಿತು. ಲೋಳೆ ಮುದುಡಿ, ಒಳಬರುವ ಅಣುಗಳಿಗೆ ದಾರಿ ಕಿರಿದಾದದ್ದೇ ಕಾರಣವೆಂದು ಅವರು ವಿವರಿಸಿದರು. 2012ರಲ್ಲಿ ಅದೇ ಬಳಗದವರು ಮತ್ತೊಂದು ಹೆಜ್ಜೆ ಮುಂದೆ ಹೋದರು. ಚಿನ್ನದ ಕಣವನ್ನು ಪಿನಿಪಾಮ್ ಚಿಪ್ಪಿನೊಳಗೆ ಕೂರಿಸಿ, ನೀರಿಗೆ ಒಗ್ಗುವ ನೈಟ್ರೋಫಿನಾಲ್, ನೀರಿಗೆ ಒಗ್ಗದ ನೈಟ್ರೋಬೆಂಜೀನ್ ಎರಡನ್ನೂ ಒಟ್ಟಿಗೆ ಕೊಟ್ಟರು. ತಂಪಿನಲ್ಲಿ ಮೊದಲನೆಯದಕ್ಕೆ ಆದ್ಯತೆ; ಬೆಚ್ಚಗಾದ ಮೇಲೆ ಎರಡನೆಯದಕ್ಕೆ. ಚಿನ್ನ ಎರಡು ಸಲವೂ ಅದೇ ಚಿನ್ನ. ಯಾರನ್ನು ಒಳಬಿಡಬೇಕೆಂದು ಆರಿಸಿದ್ದು ಲೋಳೆ. ನೂರು ವರ್ಷ 'ರಕ್ಷಕ' ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದ ಅಂಟಿಗೆ ತನ್ನದೇ ಆದ ಅಭಿಪ್ರಾಯವಿದೆ ಎಂದು ತಿಳಿದ ಆ ಪುಟವನ್ನು ನಾನು ಎರಡು ಬಾರಿ ಓದಿದೆ.

ಇದರಿಂದ ಕೈಗಾರಿಕೆಗಳಲ್ಲಿ ಕ್ರಾಂತಿಯಾಗಿದೆಯೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಬಹುಪಾಲು ಕೆಲಸ ಇನ್ನೂ ಪ್ರಯೋಗಾಲಯದ ಗಾಜಿನ ನಳಿಕೆಗಳಲ್ಲಿಯೇ ಇದೆ. ಮತ್ತೆ ಮತ್ತೆ ಬಳಸಿದಾಗ ಲೋಹ ಸೋರಿಹೋಗಬಹುದು. ಹಳದಿ ಬಣ್ಣ ಮಾಯವಾಗುವ ಪರೀಕ್ಷೆ ಎಷ್ಟು ಸುಲಭವೆಂದರೆ, ಅದನ್ನೇ ಮಾಡಿ ತೃಪ್ತರಾಗುವ ಪ್ರಬಂಧಗಳೇ ಹೆಚ್ಚಾದವೆಂದು ಮಗಳ ದೂರು. ಅವಳು ದೂರುವ ಉತ್ಸಾಹಕ್ಕೆ ಬಂದದ್ದೇ ನನಗೆ ಸಮಾಧಾನ.

ಅವಳ ಬೆಳ್ಳಿಯ ಸಮಸ್ಯೆಗೆ ನಾನೇನೂ ಪರಿಹಾರ ಹೇಳಲಿಲ್ಲ, ಹೇಳಲು ನನಗೆ ಬರುವುದೂ ಇಲ್ಲ. ಲೋಳೆಯೊಳಗೆ ಹೋಗದೆ ಹೊರಗಿನ ನೀರಿನಲ್ಲಿಯೇ ಉಳಿದ ಬೆಳ್ಳಿಯ ಲವಣ ಮಡ್ಡಿಗೆ ಕಾರಣವೆಂದು ಅವಳೇ ಕಂಡುಕೊಂಡು, ಅದನ್ನು ಚೆನ್ನಾಗಿ ತೊಳೆದು ತೆಗೆದ ಮೇಲೆಯೇ ಕಣಗಳನ್ನು ಹುಟ್ಟಿಸತೊಡಗಿದಳು. ಕೆಲಸ ಕೈಗೂಡಿದ್ದು ನಾನು ಊರಿಗೆ ಹಿಂದಿರುಗಿದ ಎರಡು ತಿಂಗಳ ನಂತರ. ಫುಲ್ಹೇಮ್ ಗ್ರಂಥದ ಮೊದಲ ಪುಟಗಳ ನಕಲು ತೆಗೆದು ನಾನು ಅವಳ ಮೇಜಿನ ಮೇಲೆ ಇಟ್ಟು ಬಂದಿದ್ದೆ. ಅದನ್ನು ಓದಿದಳೋ ಇಲ್ಲವೋ ಕೇಳಲಿಲ್ಲ. ಕಳೆದ ಬೇಸಿಗೆಯಲ್ಲಿ ಹೋದಾಗ ಅದು ಅವಳ ಪ್ರಯೋಗಾಲಯದ ಗೋಡೆಯ ಮೇಲಿತ್ತು.

ಆ ದಿನ ನನಗೂ ಕನ್ನಡಕ ತೊಡಿಸಿ ಒಳಗೆ ಕರೆದೊಯ್ದಳು. ಬೆಳ್ಳಿ ಸೇರಿಸದ ಬರಿಯ ಲೋಳೆಯ ನೀರಿರುವ, ಬಿಗಿಯಾಗಿ ಮುಚ್ಚಿದ ಸಣ್ಣ ಗಾಜಿನ ನಳಿಕೆಯೊಂದನ್ನು ನನ್ನ ಅಂಗೈಯಲ್ಲಿಟ್ಟು, "ಗಟ್ಟಿಯಾಗಿ ಹಿಡಿದುಕೋ ಅಮ್ಮ" ಎಂದಳು. ಮುಷ್ಟಿ ಕಟ್ಟಿ ನಿಂತೆ. ಸ್ವಲ್ಪ ಹೊತ್ತಿನ ನಂತರ ಕೈ ತೆರೆದು ನೋಡಿದರೆ, ತಿಳಿಯಾಗಿದ್ದ ನೀರು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಮೇಜಿನ ಮೇಲಿಟ್ಟು ಇಬ್ಬರೂ ಕಾದೆವು. ಅದು ಮೆಲ್ಲಮೆಲ್ಲನೆ ಮತ್ತೆ ತಿಳಿಯಾಯಿತು.